ಕ್ಲೆಮ್ ರಡ್ಕಿನ್‌ನ ನಾಲ್ಕು ಮಿಲಿಮೀಟರ್

ಆಸ್ಟ್ರೇಲಿಯಾದ ಚಾರ್ಟರ್ಸ್ ಟವರ್ಸ್ ಊರಿನಲ್ಲಿ ಬಾಣದ ವಿಷಯ ಎತ್ತಿದರೆ ಮಾತು ಕೊನೆಗೆ ಕ್ಲೆಮ್ ರಡ್ಕಿನ್‌ನ ಶೆಡ್ಡಿಗೇ ಬಂದು ನಿಲ್ಲುತ್ತಿತ್ತು. ರೈಲು ಹಳಿ ರಿಪೇರಿ ಮಾಡಿ ನಿವೃತ್ತನಾದವನು. ವಯಸ್ಸು ಅರವತ್ತೆಂಟು, ಮೂಗಿನ ತುದಿಯಲ್ಲಿ ಕನ್ನಡಕ, ಅಲ್ಲೇ ಪಕ್ಕದಲ್ಲಿ ಕೋಪ. ಬಿಲ್ಲುಗಾರರ ಕ್ಲಬ್ಬಿನ ಅರ್ಧ ಜನರ ಬಾಣಗಳು ಅವನ ಕೈಯಲ್ಲೇ ತಯಾರಾದವು. ಕಾರ್ಬನ್ ಕೊಳವೆಯನ್ನು ಅಳತೆಗೆ ಕತ್ತರಿಸುತ್ತಿದ್ದ. ಅದರ ಮುಂದಿನ ಬಾಯೊಳಗೆ ಇನ್ಸರ್ಟ್ ಎನ್ನುವ ಲೋಹದ ತುಂಡನ್ನು ಅಂಟಿಸಿ, ಅದಕ್ಕೆ ಬೇಟೆಯ ಅಲಗನ್ನು ತಿರುಪಿ ಕೊಟ್ಟರೆ ಮುಗಿಯಿತು, ಆಮೇಲೆ ಅದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ.

ಕೊಳವೆಯ ಒಳಬಾಯಿ ಆರು ಮಿಲಿಮೀಟರ್ ಇರಬೇಕೆಂಬುದು ಕ್ಲೆಮ್‌ನ ಮತ. ನಾಲ್ಕು ಮಿಲಿಮೀಟರಿನ ತೆಳು ಬಾಣ ಕಂಡರೆ ಅವನಿಗೆ ಮೈಯೆಲ್ಲ ಉರಿ. ಶಾಲೆಯ ಬಸ್ಸು ಓಡಿಸುವ ರೊಜಾನಾ ವಸಾಲೊ ಮಾತ್ರ ಆ ತೆಳು ಬಾಣವನ್ನೇ ಹಿಡಿದು ಕೂತವಳು.

"ಇದು ಬಾಣಾನೇನೇ? ನಮ್ಮಜ್ಜಿ ಸ್ವೆಟರ್ ಹೆಣೀತಿದ್ಲಲ್ಲ, ಆ ಕಡ್ಡಿ!"

"ನಿಂದು ಬೇಲಿ ಗೂಟ ಕಣೋ ಮುದುಕ. ಗಾಳಿ ಬೀಸಿದ್ರೆ ಪಕ್ಕದೂರಿಗೆ ಹೋಗುತ್ತೆ. ನಂದು ತೆಳ್ಳಗಿದೆ, ಸಲೀಸಾಗಿ ಒಳಗಿಳಿಯುತ್ತೆ."

"ಇಳಿಯುತ್ತೆ, ಭುಜದ ಮೂಳೆಗೆ ತಗಲೋ ತನಕ! ಬಾಯಿ ಚಿಕ್ಕದಾದ್ರೆ ಇನ್ಸರ್ಟೂ ಬಡಕಲು. ಮೂಳೆ ಅದನ್ನ ಹಿಂದಕ್ಕೆ ತಳ್ತು ಅಂದ್ರೆ ಕೊಳವೆ ಸೀಳಿ ಹೋಯ್ತು."

"ಅದಕ್ಕೇ ಅಲ್ವಾ ಹೊರಗಡೆಯಿಂದ ಉಕ್ಕಿನ ಬಳೆ ಹಾಕೋದು?"

"ಒಡವೆ ಹಾಕ್ಕೊಂಡು ಬೇಟೆಗೆ ಹೋಗ್ತಾರೇನೇ!"

ನಿಜ ಹೇಳಬೇಕೆಂದರೆ ಇಬ್ಬರೂ ಸರಿಯೇ. ಆದರೆ ಅದನ್ನು ಅವರಿಬ್ಬರ ಎದುರು ಹೇಳುವ ಧೈರ್ಯ ಕ್ಲಬ್ಬಿನಲ್ಲಿ ಯಾರಿಗಿತ್ತು?

ಇವರ ಬೇಟೆಯೆಲ್ಲ ಮೊಯ್ರಾ ಟುಲಕ್‌ಳ ದನದ ಹುಲ್ಲುಗಾವಲಿನಲ್ಲಿ. ದನಕ್ಕಿಟ್ಟ ಹುಲ್ಲನ್ನು ಚುಕ್ಕೆ ಜಿಂಕೆಗಳು ಹಿಂಡುಹಿಂಡಾಗಿ ಮೇಯುತ್ತಿದ್ದವು, ಹೊಡೆಯುವವರಿಗೆ ಅವಳ ಅಡ್ಡಿಯಿರಲಿಲ್ಲ. ಆದರೆ ಏಟು ತಿಂದ ಪ್ರಾಣಿ ತಪ್ಪಿಸಿಕೊಂಡರೆ ತಕ್ಷಣ ಅವಳಿಗೆ ತಿಳಿಸಬೇಕು, ಮುರಿದ ಬಾಣವನ್ನು ಅವಳ ವರಾಂಡದ ಮೇಜಿನ ಮೇಲೆ ಇಡಬೇಕು. ಹಿಂದೊಮ್ಮೆ ಮೈಯಲ್ಲಿ ಬಾಣ ಹೊತ್ತುಕೊಂಡು ನಾಲ್ಕು ದಿನ ನರಳಿದ ಗಂಡು ಜಿಂಕೆಯೊಂದನ್ನು ಕಂಡು ಅವಳು ಗೇಟಿಗೆ ಬೀಗ ಜಡಿದಿದ್ದಳು. ಇಪ್ಪತ್ತೆರಡು ವರ್ಷದ ಕೆಳಗೆ ಅದು ಮತ್ತೆ ತೆರೆದದ್ದು ಕ್ಲೆಮ್‌ನ ಮುಖ ನೋಡಿ. "ಕ್ಲೆಮ್ ಹೇಳಿದ್ರೆ ಸಾಕು" ಎಂದು ಮೊಯ್ರಾ ನಾಲ್ಕು ಜನರ ಎದುರು ಅನ್ನುತ್ತಿದ್ದಳು. ಜಿಂಕೆ ಮಾಂಸ ಸಿಗಲಿ ಬಿಡಲಿ, ಕ್ಲೆಮ್‌ಗೆ ಬದುಕಿನಲ್ಲಿ ಹೆಮ್ಮೆ ಅಂತಿದ್ದದ್ದು ಆ ಒಂದು ಮಾತು.

ಈ ವರ್ಷ ಅವನ ಬಲಭುಜ ಕೈಕೊಟ್ಟಿತು. ಡಾಕ್ಟರು ಬಿಲ್ಲಿನ ಬಿಗಿ ಇಳಿಸಲು ಹೇಳಿದರು. ಇಳಿಸಿದ ಬಿಲ್ಲಿನಿಂದ ಹೊರಟ ದಪ್ಪ ಬಾಣ, ಅಭ್ಯಾಸದ ರಬ್ಬರ್ ಜಿಂಕೆಯೊಳಗೆ ಅರ್ಧಕ್ಕೇ ನಿಂತಿತು. ಒಂದು ವಾರ ಮುಖ ಗಂಟಿಕ್ಕಿಕೊಂಡು ಓಡಾಡಿದ ಕ್ಲೆಮ್, ಆಮೇಲೆ ಹೆಂಡತಿ ನೊರೀನ್‌ಗೂ ಹೇಳದೆ ನಾಲ್ಕು ಮಿಲಿಮೀಟರಿನ ಆರು ಕೊಳವೆ ತರಿಸಿದ. ಶೆಡ್ಡಿನ ಬಾಗಿಲು ಹಾಕಿಕೊಂಡು ಇನ್ಸರ್ಟ್ ಅಂಟಿಸಿದ, ತನ್ನ ಎಂದಿನ ಹಳದಿ ಗರಿ ಕಟ್ಟಿದ. ಉಕ್ಕಿನ ಬಳೆಗಳೂ ಜೊತೆಯಲ್ಲೇ ಬಂದಿದ್ದವು. ಹಾಕಲಿಲ್ಲ. ಬಳೆ ಹೊಳೆದರೆ ರೊಜಾನಾ ದೂರದಿಂದಲೇ ಗುರುತು ಹಿಡಿಯುತ್ತಾಳಲ್ಲ! ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನಿಗೆ, ಒಂದು ಹುಡುಗಿ ನಕ್ಕಾಳೆಂಬ ಹೆದರಿಕೆ.

ಆ ಶನಿವಾರ ಬೆಳಿಗ್ಗೆ ನೀರಿನ ಹೊಂಡದ ಬಳಿ ಇಪ್ಪತ್ತು ಹೆಜ್ಜೆ ದೂರಕ್ಕೆ ಒಂದು ಗಂಡು ಜಿಂಕೆ ಬಂತು. ಕ್ಲೆಮ್ ಬಾಣ ಬಿಡುವ ಹೊತ್ತಿಗೆ ಅದು ಒಂದು ಹೆಜ್ಜೆ ಮುಂದಿಟ್ಟಿತು. 'ಟಕ್' ಎಂಬ ಸದ್ದು ಕೇಳಿದೊಡನೆಯೇ ಅವನಿಗೆ ಗೊತ್ತಾಯಿತು. ಬಾಣ ಪಕ್ಕೆಗೆ ತಗಲಿರಲಿಲ್ಲ, ಭುಜದ ಮೂಳೆಗೆ ತಗಲಿತ್ತು. ಜಿಂಕೆ ಕುಂಟುತ್ತ ಓಡಿತು. ಬಾಣದ ಹಿಂಭಾಗ ಹುಲ್ಲಿನಲ್ಲಿ ಸಿಕ್ಕಿತು, ಅದರ ಮುರಿದ ತುದಿ ಜಗಿದ ಕಬ್ಬಿನಂತೆ ಸೀಳಿತ್ತು. ರಕ್ತದ ಹನಿಗಳು ಒಣ ಹಳ್ಳದವರೆಗೆ ಕಂಡವು, ಮುಂದೆ ಇಲ್ಲ. ಎರಡು ಗಂಟೆ ಹುಡುಕಿದ.

ಮೊಯ್ರಾಳ ಮನೆಗೆ ಹೋಗಿ ತುಂಡನ್ನು ಮೇಜಿನ ಮೇಲಿಡಬೇಕಿತ್ತು. ಇಟ್ಟರೆ ಅದು ನಾಲ್ಕು ಮಿಲಿಮೀಟರಿನದ್ದೆಂದು ಕುರುಡನಿಗೂ ಗೊತ್ತಾಗುತ್ತಿತ್ತು. ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ಗಾಡಿಯ ಹತ್ತಿರ ಬಂದ.

ಅವತ್ತು ಬೇಟೆಗೆ ಬಂದಿದ್ದ ರೊಜಾನಾ ಅಲ್ಲಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. "ಏನಾಯ್ತೋ?"

"ಗುರಿ ತಪ್ತು."

ಚಹಾ ಮುಗಿಯುವುದರೊಳಗೆ ಮೊಯ್ರಾ ತನ್ನ ಜೀಪಿನಲ್ಲಿ ಬಂದಳು. ಕೈಯಲ್ಲಿ ಬೆರಳುದ್ದದ ಕಾರ್ಬನ್ ಚೂರು, ಇನ್ಸರ್ಟು, ರಕ್ತ ಹತ್ತಿದ ಅಲಗು.

"ಬೇಲಿ ಹತ್ರ ಬಿದ್ದಿತ್ತು. ಗಂಡು ಜಿಂಕೆ ಒಂದು ಕಾಲೆಳ್ಕೊಂಡು ಗುಡ್ಡದ ಕಡೆ ಹೋಗ್ತಿದೆ. ರೊಜಾನಾ, ಇದು ನಿಂದಲ್ವಾ?"

"ನಂದಲ್ಲ. ನನ್ನ ಬಾಣಕ್ಕೆ ಬಳೆ ಇರುತ್ತೆ, ನೋಡು ಬೇಕಾದ್ರೆ."

"ಬಳೆ ಉದುರಿರಬಹುದು. ಇಲ್ಲಿ ತೆಳು ಬಾಣ ಹೊಡೆಯೋಳು ನೀನೊಬ್ಳೇ. ಮುಚ್ಚಿಟ್ರೆ ನಂಗಾಗಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ಅಯ್ಯೋ ದೇವ್ರೇ, ನಾನಲ್ಲ ಮೊಯ್ರಾ! ಕ್ಲೆಮ್, ಹೇಳೋ."

ಮೊಯ್ರಾ ಅವನತ್ತ ತಿರುಗಿದಳು. "ಹೌದು, ನೀನೇ ಹೇಳು. ನೀನು ಹೇಳಿದ್ರೆ ಸಾಕು."

ರೊಜಾನಾಳದ್ದೇ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ಮೊಯ್ರಾ ಕಾದಳು. ಆಮೇಲೆ ಕ್ಲೆಮ್ ಅಂಗಿಯೊಳಗಿಂದ ಹಳದಿ ಗರಿಯ ತುಂಡನ್ನು ತೆಗೆದು ಜೀಪಿನ ಮೇಲಿಟ್ಟ.

"ನಂದು. ಬಳೆ ಹಾಕಿರಲಿಲ್ಲ. ಇವಳು ನಗ್ತಾಳೆ ಅಂತ."

ಯಾರೂ ನಗಲಿಲ್ಲ. ಮೂವರೂ ಗುಡ್ಡ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಜಿಂಕೆ ಬಳ್ಳಿಪೊದೆಯ ನೆರಳಲ್ಲಿ ಮಲಗಿದ್ದು ಕಂಡಿತು, ಬದುಕಿತ್ತು. ಕ್ಲೆಮ್ ಬಿಲ್ಲೆತ್ತಿದ. ಭುಜ ಅದುರಿ ಹೆದೆ ಪೂರ್ತಿ ಬರಲೇ ಇಲ್ಲ. ರೊಜಾನಾ ಮುಂದೆ ಬಂದು, ಒಂದೇ ಬಾಣದಲ್ಲಿ ಅದರ ನರಳಾಟ ಮುಗಿಸಿದಳು. ಕ್ಲೆಮ್ ಅದರ ಪಕ್ಕ ಮಂಡಿಯೂರಿ ಕೂತುಬಿಟ್ಟ. ಅಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಇಳಿಯುವಾಗ ಕೇಳಿದ: "ನಾನು ಬಾಯಿ ಬಿಡಲ್ಲ ಅಂದ್ಕೊಂಡ್ಯಾ?"

"ಅರ್ಧ ನಿಮಿಷ ಹಾಗೇ ಅಂದ್ಕೊಂಡೆ" ಎಂದಳು ರೊಜಾನಾ. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಮೊಯ್ರಾ ತಾನು ಅವನಿಗೆ ಕೊಟ್ಟಿದ್ದ ಗೇಟಿನ ಕೀಲಿ ವಾಪಸು ಕೇಳಲಿಲ್ಲ, ಬೈಯಲೂ ಇಲ್ಲ. ಸದ್ಯ, ಬಚಾವಾದೆ ಎಂದುಕೊಂಡು ಕ್ಲೆಮ್ ಆ ವಾರ ಮುರಿದದ್ದರ ಬದಲಿಗೆ ಇನ್ನೊಂದು ಕೊಳವೆ ತರಿಸಿ, ಆರೂ ಬಾಣ ಹೊಸದಾಗಿ ಕಟ್ಟಿದ. ಈ ಸಲ ಬಳೆ ಹಾಕಿದ, ಅಂಟು ಒಣಗಲು ಇಡೀ ದಿನ ಬಿಟ್ಟ.

ಮುಂದಿನ ಶನಿವಾರ ಹೋದಾಗ ಮೊಯ್ರಾ ಗೇಟಿನ ಬಳಿಯೇ ನಿಂತಿದ್ದಳು. ರೊಜಾನಾಳ ಗಾಡಿಯನ್ನು ಕೈಬೀಸಿ ಒಳಗೆ ಬಿಟ್ಟಳು. ಕ್ಲೆಮ್‌ನ ಗಾಡಿಯ ಕಿಟಕಿಗೆ ಬಂದು ಕೈ ಚಾಚಿದಳು.

"ಬಾಣ ಕೊಡು, ಕ್ಲೆಮ್. ಎಷ್ಟಿವೆ?"

"ಆರು" ಅಂದ ಕ್ಲೆಮ್.

ಮೊಯ್ರಾ ತಲೆಯಾಡಿಸಿದಳು. ಆದರೂ ಒಂದೊಂದಾಗಿ ಎಣಿಸಿದಳು.