ಶಾಂತಿನಾಥರ ಉತ್ತರ ದಿಕ್ಕಿನ ಗಡಿ

ನಿಪ್ಪಾಣಿಯ ಪೇಟೆಯಲ್ಲಿ ಪಾತ್ರೆಯಂಗಡಿ ಇಟ್ಟಿರುವ ಶಾಂತಿನಾಥರಿಗೂ ಅವರ ಪತ್ನಿ ಸುಗಂಧಾಬಾಯಿಯವರಿಗೂ ದೊಡ್ಡ ಊರೆಂದರೆ ಕೊಲ್ಹಾಪುರವೇ. ಮದುವೆಯಾದ ವರ್ಷ ಹಬ್ಬಕ್ಕೆ ಸೀರೆ ಕೊಳ್ಳಲು ಹೋದವರು ಅಂದಿನಿಂದ ತಿಂಗಳಿಗೊಮ್ಮೆ, ಅಂಗಡಿಗೆ ರಜೆಯಿರುವ ದಿನ, ಬೆಳಗಿನ ಬಸ್ಸು ಹಿಡಿಯುವುದನ್ನು ತಪ್ಪಿಸಿಲ್ಲ. ಮೊದಲು ಶುಕ್ರವಾರ ಪೇಟೆಯೆಂಬ ಕೇರಿಯ ಬಸದಿಯಲ್ಲಿ ಆದಿನಾಥ ಸ್ವಾಮಿಯ ಎತ್ತರದ ಬಿಂಬದ ದರ್ಶನ. ಆಮೇಲೆ ಮಹಾದ್ವಾರ ರಸ್ತೆಯ ಬಳೆಯಂಗಡಿಗಳು. ಅಲ್ಲಿ ಸುಗಂಧಾಬಾಯಿ ಹತ್ತು ಅಂಗಡಿ ಹೊಕ್ಕು ಹನ್ನೊಂದನೆಯದರಲ್ಲಿಯೂ ಏನನ್ನೂ ಕೊಳ್ಳದೆ ಹೊರಬರುವರು. ಶಾಂತಿನಾಥರು ನೆರಳಿನಲ್ಲಿ ನಿಂತು ಬೇರೆಯವರ ಅಂಗಡಿಯ ತಾಮ್ರದ ಹಂಡೆಗಳ ದಪ್ಪವನ್ನು ಬೆರಳಿನಿಂದ ತಟ್ಟಿ ನೋಡುವರು. ಹೊಸ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಬೇಟೆಯಲ್ಲಿ ಕೊಂದ ಹುಲಿಗಳನ್ನಿಟ್ಟ ಕೋಣೆಗೆ ಮಾತ್ರ ಇಬ್ಬರೂ ಹೋಗುವುದಿಲ್ಲ. ಅಹಿಂಸೆಯನ್ನು ನಂಬಿದವರಿಗೆ ಅದು ನೋಡತಕ್ಕ ನೋಟವಲ್ಲ. ಸಂಜೆ ರಂಕಾಳ ಕೆರೆಯ ದಂಡೆ, ಬಾಳಾಸಾಬನ ಭೇಳ್ ಗಾಡಿ. ಜೈನರಿಗೆ ವರ್ಜ್ಯವಾದ ಉಳ್ಳಾಗಡ್ಡಿ, ಬಟಾಟೆ ಹಾಕದ ಅವರ ಭೇಳ್ ಅವರು ಬಾಯಿ ತೆರೆಯುವ ಮೊದಲೇ ಸಿದ್ಧವಾಗುತ್ತಿತ್ತು.

ಹೀಗೆ ಬಹಳ ವರ್ಷ ನಡೆದ ಮೇಲೆ ಒಂದು ಮಳೆಗಾಲ ನಿಪ್ಪಾಣಿಯಲ್ಲಿ ಮುನಿಮಹಾರಾಜರೊಬ್ಬರು ಚಾತುರ್ಮಾಸಕ್ಕೆ ನಿಂತರು. ಅವರ ಪ್ರವಚನ ಕೇಳುತ್ತ ಕೇಳುತ್ತ ಶಾಂತಿನಾಥರ ಮನಸ್ಸು ಮಾಗಿತು. ಅನಂತ ಚತುರ್ದಶಿಯಂದು ದಿಗ್ವ್ರತ ತೆಗೆದುಕೊಳ್ಳುವುದಾಗಿ ನಿಶ್ಚಯಿಸಿದರು. ಎಲ್ಲ ದಿಕ್ಕುಗಳಿಗೂ ಒಂದೊಂದು ಎಲ್ಲೆಯನ್ನು ಹೇಳಿ, ಬದುಕಿರುವ ತನಕ ಅದನ್ನು ದಾಟದಿರುವುದು ಶ್ರಾವಕನ, ಎಂದರೆ ಜೈನ ಗೃಹಸ್ಥನ, ಈ ವ್ರತ. ಎಲ್ಲೆಯನ್ನು ಮುಂದೆ ಕುಗ್ಗಿಸಬಹುದು, ಹಿಗ್ಗಿಸಲಾಗದು.

ಊಟಕ್ಕೆ ಕುಳಿತಾಗ ಅವರು ಉತ್ಸಾಹದಿಂದ ಹೇಳಿದರು: "ತೆಂಕಲಕ್ಕ ಬೆಳಗಾವಿ, ಮೂಡಲಕ್ಕ ಅಥಣಿ, ಪಡುವಲಕ್ಕ ಘಟ್ಟ. ಬಡಗಲಕ್ಕ ದೂಧಗಂಗಾ ಹೊಳಿ. ಹೆಂಗೈತಿ? ಈಗ ಮಾಲ ಎಲ್ಲಾ ಅಂಗಡಿಗೇ ಬರ್ತೈತಿ. ಹೊಳಿ ದಾಟೂ ಕೆಲಸಾನ ಇಲ್ಲ ನನಗ."

ಕೊಲ್ಹಾಪುರವಿರುವುದು ದೂಧಗಂಗೆಯ ಆಚೆಗೆ. ಸುಗಂಧಾಬಾಯಿಯ ಕೈಯಲ್ಲಿದ್ದ ಸಾರಿನ ಸೌಟು ಅರೆಗಳಿಗೆ ನಿಂತಿತು. ಆದರೆ ಮತ್ತೊಬ್ಬರ ವ್ರತಕ್ಕೆ ಅಡ್ಡ ಬರುವುದು ಅಂತರಾಯ ಕರ್ಮವೆಂದು ತಾಯಿಯಿಂದ ಕಲಿತವರು ಅವರು. ಬೇಡವೆನ್ನುವುದಿರಲಿ, ಮುಖ ಸಣ್ಣದು ಮಾಡಿದರೂ ಪಾಪವೆಂದು ತಿಳಿದು, "ಚಲೋ ಆತ್ರಿ" ಎಂದು ಸಾರು ಬಡಿಸಿದರು. "ಪರ್ವ ಸುರು ಆಗೂದರಾಗ ಒಮ್ಮೆ ಹೋಗಿ ಬರೂಣ್ರಿ" ಎಂದಷ್ಟೇ ಕೇಳಿದರು.

ಆ ಸಲದ ತಿರುಗಾಟದಲ್ಲಿ ಸುಗಂಧಾಬಾಯಿ ಬಳೆಯಂಗಡಿಗೆ ನೇರ ಹೋಗಿ ಒಂದು ಡಜನ್ ಹಸಿರು ಬಳೆ ಕೊಂಡರು. ಬಸದಿಯಲ್ಲಿ ಬಹಳ ಹೊತ್ತು ಕುಳಿತರು. ಶಾಂತಿನಾಥರಿಗೆ ಇದಾವುದೂ ತಟ್ಟಲಿಲ್ಲ. ಸಂಜೆ ಕೆರೆಯ ದಂಡೆಯಲ್ಲಿ ಅವರು ನಲ್ಲಿಯ ಬಳಿ ಕೈತೊಳೆಯುತ್ತಿದ್ದಾಗ, ಗಾಡಿಯ ಹತ್ತಿರದ ಮಾತು ಕಿವಿಗೆ ಬಿತ್ತು.

"ವಹಿನಿ, ಬರೂ ತಿಂಗಳಾ ಹುಣಚೀ ಚಟ್ನಿ ಹೊಸಾದು ಮಾಡ್ತೀನಿ, ನೋಡ್ರಿ" ಎಂದ ಬಾಳಾಸಾಬ, ಅತ್ತಿಗೆಯನ್ನು ಕರೆಯುವ ಮರಾಠಿ ರೂಢಿಯಂತೆ.

"ಇನ್ನ ಬರೂದಿಲ್ಲೋ ಭಾವು."

"ಯಾಕ್ರಿ? ನನ್ನ ಭೇಳ ಮ್ಯಾಲೆ ಸಿಟ್ಟೇನು?"

"ಭೇಳ ಮ್ಯಾಲೆ ಎಂತಾ ಸಿಟ್ಟು! ನಮ್ಮವರು ವ್ರತಾ ತೊಗೋತಾರ. ದೂಧಗಂಗಾ ದಾಟಾಂಗಿಲ್ಲ."

"ವ್ರತಾ ಅವರ್ದಲ್ಲೇನ್ರಿ? ನಿಮಗ ಬಸ್ಸ ಐತಿ, ಹೆಂಗಸರಿಗೆ ಅರ್ಧಾ ತಿಕೀಟ ಐತಿ. ನೀವು ಬರ್ರಿ."

ಸುಗಂಧಾಬಾಯಿ ನಕ್ಕರು. "ನಾ ಒಬ್ಬಾಕಿ ಬಂದು ಯಾರ ಕೂಡ ಜಗಳಾ ಆಡ್ಲೋ? ಅವರಿಗೆ ಹೇಳಬ್ಯಾಡ ಮತ್ತ. ಪುಣ್ಯಾದ ಕೆಲಸಕ್ಕ ಹೊಂಟಾರ."

ಶಾಂತಿನಾಥರು ನಲ್ಲಿಯನ್ನು ನಿಲ್ಲಿಸುವುದನ್ನೇ ಮರೆತರು. ಎಲ್ಲೆಗಳನ್ನು ಎಣಿಸುವಾಗ ಅವರು ಅಂಗಡಿಯನ್ನು ನೆನೆದಿದ್ದರು, ಸರಕನ್ನು ನೆನೆದಿದ್ದರು. ಈ ಕೆರೆ ಯಾವ ನದಿಯ ಆಚೆಗಿದೆಯೆಂಬುದು ಅವರ ಮನಸ್ಸಿಗೆ ಸುಳಿದಿರಲೇ ಇಲ್ಲ. ಹಿಂದಿರುಗುವ ಬಸ್ಸಿನಲ್ಲಿ ಹೊಳೆಯ ಸೇತುವೆ ಬಂದಾಗ ಸುಗಂಧಾಬಾಯಿ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಚತುರ್ದಶಿಯಂದು ನಿಪ್ಪಾಣಿಯ ಬಸದಿ ತುಂಬಿತ್ತು. ಮುನಿಗಳ ಮುಂದೆ ಶಾಂತಿನಾಥರು ಕೈಮುಗಿದು ಒಂದೊಂದೇ ದಿಕ್ಕನ್ನು ಹೇಳುತ್ತ ಬಂದರು.

"ಬಡಗಲಿಗೆ?" ಎಂದರು ಮುನಿಗಳು.

"ಪಂಚಗಂಗಾ ಹೊಳಿರಿ, ಮಹಾರಾಜ."

ಪಂಚಗಂಗೆ ಕೊಲ್ಹಾಪುರದ ಆಚೆಯ ಅಂಚಿನಲ್ಲಿ ಹರಿಯುವ ನದಿ. ಹೆಂಗಸರ ಸಾಲಿನಲ್ಲಿ ಸುಗಂಧಾಬಾಯಿ ತಲೆಯೆತ್ತಿದರು. ಪಕ್ಕದಲ್ಲಿದ್ದ ನಾದಿನಿ ಅಕ್ಕುತಾಯಿ, "ದೂಧಗಂಗಾ ಅಂದಿದ್ದಾ ನಮ್ಮಣ್ಣ, ಮರ್ತಾನೇನ ಬೇ?" ಎಂದು ಪಿಸುಗುಟ್ಟಿದಳು.

"ಅಲ್ಲಿ ನಿನಗೆ ವ್ಯಾಪಾರವಿದೆಯೇ?" ಮುನಿಗಳು ಕೇಳಿದರು.

"ವ್ಯಾಪಾರ ಇಲ್ರಿ. ನಮ್ಮ ಮನಿಯಾಕಿಗೆ ಕೊಲ್ಹಾಪುರ ಅಂದ್ರ ಜೀವರಿ. ಅಕಿ ಬಾಯಿ ಬಿಟ್ಟು ಹೇಳಿಲ್ರಿ. ನಾನ ಕೇಳಿಲ್ಲ, ತಪ್ಪು ನಂದು."

ಬಸದಿಯಲ್ಲಿ ನಗೆಯೊಂದು ಹಬ್ಬಿತು. ಮುನಿಗಳು ನಗಲಿಲ್ಲ. "ಎಲ್ಲೆಯು ಲೋಭವನ್ನು ಕಟ್ಟುವುದಕ್ಕಿರುವುದು, ಪ್ರೀತಿಯನ್ನಲ್ಲ. ಆದರೆ ಹೇಳಿದ ಮೇಲೆ ಮುಂದೆ ಸರಿಸಲಾಗದು. ಯೋಚಿಸಿದೆಯಾ?"

"ಈ ಸರ್ತಿ ಯೋಚಿಸೀನ್ರಿ."

ಮುನಿಗಳು ನವಿಲುಗರಿಯ ಪಿಂಛಿಯೆತ್ತಿ ಹರಸಿದರು. ಸುಗಂಧಾಬಾಯಿ ಸೆರಗಿನಿಂದ ಕಣ್ಣೊತ್ತಿಕೊಂಡು, ಅಕ್ಕುತಾಯಿಗೆ, "ಧೂಪದ ಹೊಗಿ ಬಾಳ ಆತ ನೋಡ" ಎಂದರು. ಅಂದು ಧೂಪವನ್ನು ಇನ್ನೂ ಹಚ್ಚಿರಲಿಲ್ಲ.

ಮಳೆ ಮುಗಿದು ಕಾರ್ತಿಕ ಬಂದಾಗ ಇಬ್ಬರೂ ಎಂದಿನಂತೆ ಕೊಲ್ಹಾಪುರಕ್ಕೆ ಹೋದರು. ಆ ದಿನ ಸುಗಂಧಾಬಾಯಿ ಹಟ ಹಿಡಿದು ಗಂಡನನ್ನು ಪಂಚಗಂಗೆಯ ಘಾಟಿಗೆ ಕರೆದೊಯ್ದರು. ಇಷ್ಟು ವರ್ಷ ಊರೆಲ್ಲ ಸುತ್ತಿದವರು ಅಲ್ಲಿಗೆ ಬಂದಿರಲೇ ಇಲ್ಲ. ಸುಗಂಧಾಬಾಯಿ ಸೀರೆಯ ನೆರಿಗೆ ಎತ್ತಿ ನೀರಿಗಿಳಿದರು. ಶಾಂತಿನಾಥರು ಒಣಗಿದ ಕೊನೆಯ ಮೆಟ್ಟಿಲ ಮೇಲೆ ನಿಂತರು.

"ಬರ್ರಿ, ನೀರು ತಣ್ಣಗ ಐತಿ."

"ಹೊಳಿ ತನಕಾ ಅಂದೀನಿ. ಹೊಳ್ಯಾಗ ಅಂದಿಲ್ಲ."

"ಅಯ್ಯ! ಹಂಗಾರ ನಾ ಆ ದಂಡಿಗೆ ಹೋದ್ರ?"

"ಹೋಗ. ನಿನಗೇನ ವ್ರತ ಐತಿ? ನಾ ಇಲ್ಲೇ ಕುಂತ ನೋಡ್ತೀನಿ."

ಸುಗಂಧಾಬಾಯಿ ಆಚೆಯ ದಂಡೆಯತ್ತ ಒಮ್ಮೆ ಕಣ್ಣು ಹಾಯಿಸಿದರು. ಅಲ್ಲಿ ಕಬ್ಬಿನ ಹೊಲಗಳು ಬಿಸಿಲಿಗೆ ಮಿನುಗುತ್ತಿದ್ದವು. ಮತ್ತೆ ಹಿಂದಿರುಗಿ ಬಂದು, ಗಂಡ ನಿಂತಿದ್ದ ಮೆಟ್ಟಿಲ ಮೇಲೆಯೇ ಕುಳಿತು, ತಮ್ಮ ಕಾಲುಗಳನ್ನಷ್ಟೇ ಕೆಳಗೆ ನೀರಿಗೆ ಇಳಿಬಿಟ್ಟರು.

"ಕುಂದರ್ರಿ. ಬಸ್ಸಿಗೆ ಇನ್ನಾ ಹೊತ್ತೈತಿ."

ಶಾಂತಿನಾಥರು ಕಾಲು ಮಡಚಿ ಪಕ್ಕದಲ್ಲಿ ಕುಳಿತರು.