ಮಳೆಮರದ ಕೆಳಗೆ ನಿಂತ ಬಸ್ಸು

ಹುಣಸೆ ಗಿಡ ಹತ್ತುವುದರಲ್ಲಿ ರಾಣೇಬೆನ್ನೂರಿನ ಸುತ್ತಮುತ್ತ ಮೈಲಾರೆಪ್ಪನಿಗೆ ಸಮನಾದವರು ಇರಲಿಲ್ಲ. ಕುಪ್ಪೇಲೂರು ರಸ್ತೆಯ ಸಾಲುಮರಗಳ ಫಸಲನ್ನು ಯಾರೇ ಗುತ್ತಿಗೆ ಹಿಡಿದಿರಲಿ, ಕಾಯಿ ಬಡಿಯಲು ಅವನನ್ನೇ ಕರೆಯುತ್ತಿದ್ದರು. ನಲವತ್ತು ವರ್ಷ ಹತ್ತಿ ಇಳಿದ ಮನುಷ್ಯ. ಕುಡಿತವಿತ್ತು, ಬಾಯಿ ಜೋರಿತ್ತು, ಕೊಟ್ಟ ಮಾತು ಮರೆಯುವ ಚಾಳಿಯೂ ಇತ್ತು. ಆದರೆ ಅವನು ಮೇಲಿದ್ದಾಗ, ಕೆಳಗೆ ಕಾಯಿ ಆರಿಸುವ ಹೆಂಗಸರಲ್ಲಿ ಒಬ್ಬರಿಗೂ ಎಂದೂ ಪೆಟ್ಟಾಗಿರಲಿಲ್ಲ. ಅವನು ಒಮ್ಮೆ ಕೂಗಿದರೆ ಸಾಕು, ಯಾಕೆಂದು ಕೇಳದೆ ಎಲ್ಲರೂ ಬುಟ್ಟಿ ಬಿಟ್ಟು ಓಡುತ್ತಿದ್ದರು.

೧೯೯೮ರ ದೀಪಾವಳಿ ಮುಗಿದ ಮೇಲೆ ಅವನೂ ಹೆಂಡತಿ ಹೊಳಿಯವ್ವನೂ ಮುಂಬಯಿಗೆ ಹೋದರು. ಮಗಳು ಮಂಗಳವ್ವ ಅಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಊರು ತೋರಿಸಲು ಅವಳಿಗೆ ರಜೆ ಸಿಗಲಿಲ್ಲ. ಭಾನುವಾರ ಮಧ್ಯಾಹ್ನ, ಮೇಲೆ ಚಾವಣಿಯಿಲ್ಲದ ಡಬಲ್ ಡೆಕ್ಕರ್ ಬಸ್ಸಿಗೆ ಇಬ್ಬರನ್ನೂ ಹತ್ತಿಸಿದಳು.

“ಎಲ್ಲೂ ಇಳೀಬ್ಯಾಡ್ರಿ ಮತ್ತ. ಊರೆಲ್ಲಾ ತಿರುಗಿಸಿ ಇಲ್ಲೇ ತಂದು ಬಿಡ್ತಾರ. ಆರಕ್ಕ ನಾ ಬರ್ತೇನಿ” ಎಂದು ಎರಡೆರಡು ಸಲ ಹೇಳಿ ಕೆಲಸಕ್ಕೆ ಹೋದಳು.

ಬಸ್ಸು ಸಮುದ್ರದ ದಂಡೆ ಹಿಡಿದಾಗ ಹೊಳಿಯವ್ವನ ತಲೆಯ ಮೇಲಿನ ಸೆರಗು ಹಾರಿತು. ಅವಳು ಅದನ್ನು ಎಳೆದುಕೊಳ್ಳುವುದನ್ನೇ ಮರೆತಳು.

“ಆಚಿ ದಂಡೀನ ಕಾಣವಲ್ದಲ್ರೀ!” ಎಂದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ಮೈಲಾರೆಪ್ಪ ಬಹಳ ದಿನಗಳಿಂದ ನೋಡಿರಲಿಲ್ಲ.

ಆಮೇಲೆ ಬಸ್ಸು ಹಳೆಯ ಮಳೆಮರಗಳು ಕವಿದುಕೊಂಡಿದ್ದ ರಸ್ತೆಯೊಂದಕ್ಕೆ ತಿರುಗಿತು. ಮುಂದೆ ವಾಹನಗಳು ಕಟ್ಟಿಕೊಂಡಿದ್ದರಿಂದ ನಿಂತೇಬಿಟ್ಟಿತು. ಮೈಲಾರೆಪ್ಪನ ಧೋತರದ ಮೇಲೆ ಹಿಟ್ಟಿನಂಥದ್ದೇನೋ ಉದುರಿತು. ಬೆರಳಲ್ಲಿ ತಿಕ್ಕಿ ನೋಡಿದ. ಹಸಿ ಮರದ ಪುಡಿ.

ತಲೆಯೆತ್ತಿದ. ಆಳಿನ ನಡುವಿನಷ್ಟು ದಪ್ಪದ ಟೊಂಗೆಯೊಂದು ಬಸ್ಸಿನ ಮೇಲೆ ಅಡ್ಡಲಾಗಿ ಚಾಚಿತ್ತು. ಅದು ಕಾಂಡಕ್ಕೆ ಸೇರುವಲ್ಲಿ ಬೆಳ್ಳನೆಯ ಹೊಸ ಸೀಳು. ಅವನು ನೋಡುತ್ತಿದ್ದಂತೆಯೇ ಒಳಗಿನಿಂದ ಕಿರ್ ಎಂದಿತು. ಎಂಜಿನ್ನಿನ ಸದ್ದಿನಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ.

ಅವನು ಎದ್ದು ನಿಂತ. “ಇಳೀರಿ! ಎಲ್ಲಾರೂ ಲಗೂ ಕೆಳಗ ಇಳೀರಿ! ಟೊಂಗಿ ಮುರೀತೈತಿ!”

ಮೂವತ್ತು ಮುಖಗಳು ತಿರುಗಿದವು. ಕನ್ನಡ ಒಬ್ಬರಿಗೂ ಬರುತ್ತಿರಲಿಲ್ಲ. ಹುಡುಗಿಯೊಬ್ಬಳು ನಕ್ಕಳು. ಮೈಕು ಹಿಡಿದಿದ್ದ ಗೈಡು ಕೂತುಕೊಳ್ಳುವಂತೆ ಕೈ ಮಾಡಿದ. ಹೊಳಿಯವ್ವ ನಾಚಿಕೆಯಿಂದ ಗಂಡನ ಅಂಗಿ ಜಗ್ಗಿದಳು.

“ಸುಮ್ಮನ ಕುಂದರ್ರಿ. ಎಲ್ಲಾರೂ ನೋಡಾಕತ್ತಾರ.”

“ನೀ ಹೇಳ ಇವರಿಗೆ. ನಿನಗ ಹಿಂದೀ ಬರ್ತೈತಲ್ಲ, ಹೇಳ!”

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವಾಗ ಪಕ್ಕದಲ್ಲಿ ಕೂರುತ್ತಿದ್ದ ಗುಲಾಬಬಿಯಿಂದ ಅವಳು ನಾಲ್ಕು ಉರ್ದು ಮಾತು ಕಲಿತಿದ್ದಳು. ಅವಳೂ ಮೇಲೆ ನೋಡಿದಳು. ಎಲೆಗಳ ನಡುವೆ ಅವಳಿಗೇನೂ ಕಾಣಲಿಲ್ಲ. ಈ ಗಂಡ ಅವಳಿಗೆ ಸಾವಿರ ಸುಳ್ಳು ಹೇಳಿದ್ದ. ಆದರೆ ಗಿಡದ ವಿಷಯದಲ್ಲಿ ಒಂದನ್ನೂ ಹೇಳಿರಲಿಲ್ಲ.

ಹೊಳಿಯವ್ವ ಎದ್ದು ನಿಂತು ಕಿರುಚಿದಳು: “ಉತರೋ! ಸಬ್ ಉತರೋ! ಝಾಡ ಗಿರತಾ!”

ಅವಳ ದನಿಗೆ ಜನ ಬೆದರಿದರು. ಒಬ್ಬ ಎದ್ದ, ಅವನ ಹಿಂದೆ ನಾಲ್ವರು. ಇಕ್ಕಟ್ಟಾದ ಮೆಟ್ಟಿಲಲ್ಲಿ ನೂಕುನುಗ್ಗಲಾಯಿತು. ಗದ್ದಲ ಕೇಳಿ ಕೆಳಗಿನ ಅಂತಸ್ತಿನವರೂ ಇಳಿದರು. ಕೋಲು ಹಿಡಿದ ಮುದುಕಿಯೊಬ್ಬಳು ಕದಲಲಾರದೆ ಕೂತಿದ್ದಳು. ಮೈಲಾರೆಪ್ಪ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಎಲ್ಲರಿಗಿಂತ ಕೊನೆಗೆ ಇಳಿದ. ಇಳಿಯುವಾಗ ಇನ್ನೊಮ್ಮೆ ಕಿರ್ ಎಂದಿತು.

ಆದರೆ ಟೊಂಗೆ ಬೀಳಲಿಲ್ಲ. ಮುಂದಿನ ವಾಹನಗಳು ಸರಿದವು. ಖಾಲಿ ಬಸ್ಸು ನೂರು ಮಾರು ಮುಂದೆ ಹೋಗಿ ನಿಂತಿತು. ಜನ ಬೈಯುತ್ತ, ನಗುತ್ತ ಮತ್ತೆ ಹತ್ತಿದರು. ಗೈಡು ಮಾತ್ರ ಇವರಿಬ್ಬರನ್ನು ಬಾಗಿಲಲ್ಲೇ ತಡೆದ. ಬಸ್ಸು ಹೊರಟುಹೋಯಿತು.

ಹೊಳಿಯವ್ವ ಅಲ್ಲೇ ಅತ್ತುಬಿಟ್ಟಳು. “ಎಲ್ಲೂ ಇಳೀಬ್ಯಾಡ್ರಿ ಅಂದಿದ್ಲು. ಈಗ ಎಲ್ಲಿ ಅಂತ ಹೋಗೂದು? ಅರ್ಧಾ ಊರೂ ನೋಡ್ಲಿಲ್ಲ.”

ಮೈಲಾರೆಪ್ಪನ ಕಣ್ಣು ಟೊಂಗೆಯ ಮೇಲೆಯೇ ಇತ್ತು. ಅದರ ಕೆಳಗೆ ಕಬ್ಬಿನಹಾಲಿನ ಗಾಡಿ, ಗಾಡಿಯ ಸುತ್ತ ಗಿರಾಕಿಗಳು. ಅವನು ಓಡಿಹೋಗಿ ಗಾಡಿಯನ್ನು ತಳ್ಳತೊಡಗಿದ. ಗಾಡಿಯವನು ಅವನ ಕೊರಳಪಟ್ಟಿಗೆ ಕೈ ಹಾಕಿದ. ಹೊಳಿಯವ್ವ ಅಳುವುದನ್ನು ನಿಲ್ಲಿಸಿ ನಡುವೆ ನುಗ್ಗಿದಳು. ಜನ ಸೇರಿತು. ಟ್ರಾಫಿಕ್ ಪೊಲೀಸನೊಬ್ಬ ಬಂದು ಮೈಲಾರೆಪ್ಪನ ರಟ್ಟೆ ಹಿಡಿದ. ಮೈಲಾರೆಪ್ಪ ಇನ್ನೊಂದು ಕೈಯಿಂದ ಮೇಲೆ ತೋರಿಸಿದ.

ಪೊಲೀಸ ಕತ್ತೆತ್ತಿ ನೋಡಿದ. ಸೀಳು ಈಗ ಗೇಣಗಲ ಬಾಯಿ ಬಿಟ್ಟಿತ್ತು. ಅವನ ಕೈ ಸಡಿಲಾಯಿತು. ಸೀಟಿ ಊದುತ್ತ ರಸ್ತೆಯ ನಡುವೆ ಓಡಿದ. ಗಾಡಿಯವನೂ ಮೈಲಾರೆಪ್ಪನೂ ಸೇರಿ ಗಾಡಿ ತಳ್ಳಿದರು. ಎರಡೂ ಕಡೆ ವಾಹನಗಳು ನಿಂತವು. ಹಾರನ್ನುಗಳು ಕಿರುಚಿಕೊಂಡವು. ಐದು ನಿಮಿಷ, ಹತ್ತು ನಿಮಿಷ. ಪೊಲೀಸ ಅನುಮಾನದಿಂದ ಮೈಲಾರೆಪ್ಪನ ಮುಖ ನೋಡತೊಡಗಿದ.

“ಇನ್ನ ಸ್ವಲ್ಪ” ಎಂದ ಮೈಲಾರೆಪ್ಪ, ಪೊಲೀಸನಿಗೆ ಅರ್ಥವಾಗದ ಭಾಷೆಯಲ್ಲಿ.

ಆಗ ಟೊಂಗೆ ಮುರಿಯಿತು. ಖಾಲಿ ರಸ್ತೆಯ ಮೇಲೆ ಅದು ಬಿದ್ದ ಹೊಡೆತಕ್ಕೆ ದೀಪದ ಕಂಬ ಬಾಗಿತು. ಧೂಳು ಇಳಿದ ಮೇಲೆ ಗಾಡಿಯವನು ಬಂದು ಮೈಲಾರೆಪ್ಪನ ಎರಡೂ ಕೈ ಹಿಡಿದುಕೊಂಡ.

ಹೊಳಿಯವ್ವನ ಹರಕು ಹಿಂದಿಯಿಂದ ವಿಷಯ ತಿಳಿದು, ಪೊಲೀಸನೇ ಒಂದು ಟ್ಯಾಕ್ಸಿ ಹಿಡಿದು ಇಬ್ಬರನ್ನೂ ಬಸ್ಸು ಹತ್ತಿದ್ದ ಜಾಗಕ್ಕೆ ಕಳಿಸಿದ. ಆರೂವರೆಯಾಗಿತ್ತು. ಖಾಲಿ ಬಸ್ಸಿನ ಮುಂದೆ ಮಂಗಳವ್ವ ಗೈಡಿನೊಂದಿಗೆ ಜಗಳಕ್ಕೆ ನಿಂತಿದ್ದಳು. ಅವ್ವನನ್ನು ನೋಡಿದ್ದೇ ತಬ್ಬಿಕೊಂಡು ಅತ್ತಳು. ಅವ್ವ ಹೇಳಿದ್ದನ್ನು ಮಂಗಳವ್ವ ಹಿಂದಿಯಲ್ಲಿ ತಿಳಿಸಿದಾಗ ಗೈಡು ಮೈಲಾರೆಪ್ಪನಿಗೆ ಕೈ ಮುಗಿದ. ಉಳಿದ ಪ್ರಯಾಣಿಕರೆಲ್ಲ ಆಗಲೇ ಚದುರಿಹೋಗಿದ್ದರು.

ಮುಂದಿನ ಭಾನುವಾರ ಮಂಗಳವ್ವ ರಜೆ ಹಾಕಿ, ಅವ್ವನನ್ನು ಮತ್ತೆ ಅದೇ ಬಸ್ಸಿಗೆ ಕರೆದುಕೊಂಡು ಹೋದಳು. ಮೈಲಾರೆಪ್ಪ ಬರಲೊಲ್ಲೆನೆಂದು, ದಾರಿಯಲ್ಲಿ ಆ ಮಳೆಮರಗಳ ರಸ್ತೆಯಲ್ಲೇ ಇಳಿದುಕೊಂಡ. ಅಲ್ಲಿ ಉಳಿದ ಮರಗಳನ್ನು ಸವರಲು ಆಳುಗಳು ಬಂದಿದ್ದರು. ಅವನು ಸಂಜೆಯವರೆಗೂ ಎದುರಿನ ಕಟ್ಟೆಯ ಮೇಲೆ ಕೂತು, “ಅಲ್ಲಿ ಕಾಲ ಇಡಬ್ಯಾಡೋ ತಮ್ಮಾ, ಅದು ಟೊಳ್ಳೈತಿ” ಎಂದು ಕೂಗುತ್ತಲೇ ಇದ್ದ.