ಸ್ವಹಸ್ತಾಕ್ಷರದ ಅರ್ಜಿ

“ಅರ್ಜಿ ಸ್ವಹಸ್ತಾಕ್ಷರದಾಗ ಪಾಹಿಜೆ, ಬೇಕ ಬೇಕ, ತಂಗಿ. ಟೈಪ್ ಮಾಡಿದ್ದು ನಡಿಯೂದಿಲ್ಲ,” ಎಂದು ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ನಮ್ಮ ಕಾಲೇಜಿನ ಗುಮಾಸ್ತರು ಕಾಗದ ಮರಳಿಸಿದರು. ನನ್ನ ಬಲಗೈ ಹೆಚ್ಚಿನ ದಿನ ನಡುಗುತ್ತದೆ. ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕೆಂಬುದೇ ಆ ಅರ್ಜಿ.

“ಬರಿಯಾಕ ಆಗೂದಿಲ್ಲಂತನ ಅರ್ಜಿ ಕೊಡಾಕತ್ತೇನ್ರಿ ಕಾಕಾ!”

“ಡಿಬೇಟಿನ್ಯಾಗ ಕಪ್ ಗೆದ್ದಾಕಿ ನೀ. ನನ್ನ ಕೂಡ ವಾದ ಬ್ಯಾಡ, ನಾಲ್ಕು ಸಾಲು ಬರಿ.”

ಕಚೇರಿಗೆ ಅದು ಮೂರನೆಯ ಸುತ್ತು, ವಾದಿಸುವ ತ್ರಾಣವಿರಲಿಲ್ಲ. ಬೆಂಚಿನ ಮೇಲೆ ಕುಳಿತು, ಎಡಗೈಯಿಂದ ಬಲಗೈ ಹಿಡಿದು, ಮುಕ್ಕಾಲು ಗಂಟೆ ಬರೆದೆ. ಅವರು ಓದಿ, ಖುಷಿಯಿಂದಲೇ ಅಂದರು: “ನೋಡ, ಬರಿಯಾಕ ಬರ್ತೈತಲ್ಲ! ಮತ್ತ ಬರಿಯಾವ್ರು ಯಾಕ ಬೇಕ?”

ಪ್ರಾಚಾರ್ಯರಿಗೆ ದೂರಿತ್ತ ಮೇಲೆ ಬರೆಯುವವರೊಬ್ಬರು ಸಿಕ್ಕರು. ಆದರೆ ಅಂದಿನಿಂದ, ಕೈ ನಡುಗದ ದಿನಗಳಲ್ಲೂ ಕಾಲೇಜಿನಲ್ಲಿ ನಾನು ಪೆನ್ನು ಹೊರತೆಗೆಯುವುದಿಲ್ಲ.